ಎಂಟುನೂರು ಸಿಸಿಯ ರೇಸು

ಸಂತೆಗೆ, ಮದುವೆಗೆ, ಧರ್ಮಸ್ಥಳಕ್ಕೆ ಹೋಗಿ ಬಂದ ಎಂಜಿನ್ನೇ ರೇಸಿಗೂ ಹೋಗಿತ್ತು ಎಂದರೆ ನಂಬುವುದು ಕಷ್ಟ. 1983ರ ಕೊನೆಗೆ ರಸ್ತೆಗಿಳಿದ ಮಾರುತಿ 800ರ ಮೂರು ಸಿಲಿಂಡರಿನ ಎಂಜಿನ್ ಅದು. ಕಮ್ಮನಹಳ್ಳಿಯಲ್ಲಿ ನನ್ನ ಸೋದರಮಾವನ ಶೆಡ್ಡಿಗೆ ಮೂವತ್ತು ವರ್ಷ ಅನ್ನ ಹಾಕಿದ್ದೂ ಅದೇ. ಇಂಥ ಎಂಜಿನ್ನನ್ನು ಒಬ್ಬರೇ ಕೂರುವ, ಚಕ್ರಗಳು ಹೊರಗೆ ಕಾಣುವ ಪುಟ್ಟ ಕಾರಿನ ಬೆನ್ನಿಗೆ ಕಟ್ಟಿದರೆ ಅದು ಫಾರ್ಮುಲಾ ಮಾರುತಿ.

ಕಟ್ಟಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. ಅಲ್ಲಿಯವರೆಗೆ ನಮ್ಮಲ್ಲಿ ರೇಸೆಂದರೆ ಹಣವಂತರು ಹೊರದೇಶದಿಂದ ತರಿಸಿದ ಕಾರುಗಳ ಮೆರವಣಿಗೆ. ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ ಯುದ್ಧಕಾಲದ ಹಳೆಯ ರನ್‌ವೇಯಲ್ಲೇ ಸ್ಪರ್ಧೆ ನಡೆಯುತ್ತಿತ್ತು. ವಿಜಯ್ ಮಲ್ಯ ಅಲ್ಲಿಗೆ ಹಳೆಯ ಫಾರ್ಮುಲಾ ಒನ್ ಕಾರನ್ನೇ ತಂದು ಓಡಿಸಿದ್ದರು. ಅಂಥ ಕಾರಿನ ಪಕ್ಕ ಫಿಯೆಟ್ ಇಟ್ಟುಕೊಂಡವನು ಏನು ಮಾಡಬೇಕು? ಕರಿವರ್ಧನ್ ಕೊಟ್ಟ ಉತ್ತರ ಸರಳ: ಎಲ್ಲರಿಗೂ ಒಂದೇ ಕಾರು, ಅದರ ಎಂಜಿನ್ ಯಾವ ಊರಿನ ಅಂಗಡಿಯಲ್ಲೂ ಸಿಗುವಂಥದ್ದು. ಆಮೇಲೆ ಯಾರ ಕೈ ಚುರುಕೋ ನೋಡೋಣ.

ಈ ಯೋಚನೆ ಹೊರಗೆ ಹೊಸದಲ್ಲ. ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಭಾಗಗಳಿಂದ ಫಾರ್ಮುಲಾ ವೀ ಹುಟ್ಟಿತ್ತು. 1967ರಲ್ಲಿ ಇಂಗ್ಲೆಂಡಿನಲ್ಲಿ ಫಾರ್ಮುಲಾ ಫೋರ್ಡ್ ಶುರುವಾದಾಗ ಕಾರಿನ ಬೆಲೆ ಸಾವಿರ ಪೌಂಡ್ ದಾಟಬಾರದು ಎಂಬ ನಿಯಮವಿತ್ತು, ಟೈರು ಕೂಡ ರಸ್ತೆಯದೇ. ನಿಕಿ ಲೌಡಾ ಫಾರ್ಮುಲಾ ವೀ ಓಡಿಸಿ ಬೆಳೆದವರು, ಸೆನ್ನಾ ಫಾರ್ಮುಲಾ ಫೋರ್ಡಿನಿಂದ ಬಂದವರು. ನಮ್ಮಲ್ಲಿ ನಾರಾಯಣ್ ಕಾರ್ತಿಕೇಯನ್ ಮತ್ತು ಕರುಣ್ ಚಾಂಧೋಕ್ ಇಬ್ಬರೂ ಫಾರ್ಮುಲಾ ಮಾರುತಿಯಲ್ಲಿ ಓಡಿಸಿದವರು. 2005ರಲ್ಲಿ ಕಾರ್ತಿಕೇಯನ್ ಫಾರ್ಮುಲಾ ಒನ್ ತಲುಪಿದ ದಿನ ಮಾವ ಶೆಡ್ಡಿನಲ್ಲಿ ಎಲ್ಲರಿಗೂ ಬಾದಾಮಿ ಹಾಲು ತರಿಸಿದ್ದ.

ಅದಕ್ಕೆ ಕಾರಣವಿತ್ತು. 1990ರಲ್ಲಿ ಶ್ರೀಪೆರಂಬದೂರಿನ ಬಳಿ ಇರುಂಗಾಟುಕೋಟೈನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕ್ ತೆರೆದ ಮೇಲೆ, ಮಾವನ ಗಿರಾಕಿಯೊಬ್ಬರು ಮೂರು ಸೀಸನ್ ಅಲ್ಲಿ ಓಡಿಸಿದರು. ಮೆಕ್ಯಾನಿಕ್ ಆಗಿ ಮಾವ ಜೊತೆಗೆ. ಶುಕ್ರವಾರ ರಾತ್ರಿ ಹೊರಟರೆ ಸೋಮವಾರ ಬೆಳಿಗ್ಗೆ ವಾಪಸ್, ನೇರ ಶೆಡ್ಡಿಗೆ. ಟ್ರ್ಯಾಕಿನ ಮೇಲೆ ಒಂದು ಸಲವೂ ತಾನು ಓಡಿಸಲಿಲ್ಲ. ಕೇಳಿದರೆ, "ಪ್ಲಗ್ ಬಿಚ್ಚಿ ಬಣ್ಣ ನೋಡಿದ್ರೆ ಅವನು ಎಲ್ಲಿ ಕಾಲು ತೆಗ್ದಿದ್ದಾನೆ ಅಂತ ನಂಗೆ ಗೊತ್ತಾಗ್ತಿತ್ತಮ್ಮ. ಓಡಿಸೋದು ಇನ್ನೇನು?" ಅನ್ನುತ್ತಾನೆ.

ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಕಾರುಗಳೂ ಬದಲಾದವು. ಅದೇ ಊರಿನ ಚೈನ್ ತಯಾರಿಸುವ ಕಂಪನಿಯ ಹೆಸರು ಹೊತ್ತ ಫಾರ್ಮುಲಾ ಎಲ್‌ಜಿಬಿ ಬಂತು, ಎಂಟುನೂರರ ಜಾಗಕ್ಕೆ 1.3 ಲೀಟರಿನ ಮಾರುತಿ ಎಂಜಿನ್ ಬಂತು. ಇವತ್ತಿಗೂ ಹೊಸ ಹುಡುಗರು ಅದರಲ್ಲಿ ಓಡಿಸುತ್ತಾರೆ. ರೇಸಿಂಗ್ ಲೋಕದಲ್ಲಿ ಇದನ್ನು ಅಗ್ಗದ ಮೆಟ್ಟಿಲು ಅನ್ನುತ್ತಾರೆ.

ಅಗ್ಗ ಯಾರಿಗೆ ಎಂಬ ಪ್ರಶ್ನೆ ಕಳೆದ ವರ್ಷ ನಮ್ಮ ಮನೆಯೊಳಗೇ ಬಂತು. ಮಾವನ ಮಗನಿಗೆ ಹತ್ತೊಂಬತ್ತು. ಹೆಣ್ಣೂರು ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಸಿಗುವ ಮೆಕೋ ಕಾರ್ಟೋಪಿಯಾದಲ್ಲಿ ಕಾರ್ಟ್ ಓಡಿಸಿ ಕೈ ಕುದುರಿಸಿಕೊಂಡವನು. ಒಂದು ಸೀಸನ್ ಓಡಿಸುತ್ತೇನೆ ಅಂದ. ಅದೇ ತಿಂಗಳು ಶೆಡ್ಡಿನ ಜಾಗದ ಮಾಲೀಕರು ಅಪಾರ್ಟ್‌ಮೆಂಟ್ ಕಟ್ಟಬೇಕು, ಖಾಲಿ ಮಾಡಿ ಅಂದರು. ಕಮ್ಮನಹಳ್ಳಿಯಲ್ಲಿ ಹೊಸ ಶೆಡ್ಡಿಗೆ ಕೇಳುವ ಅಡ್ವಾನ್ಸ್ ನಿಮಗೆ ಗೊತ್ತಿದ್ದರೆ ಮುಂದಿನದು ಹೇಳಬೇಕಾಗಿಲ್ಲ. ಇದ್ದ ಗಂಟು ಒಂದೇ, ಕೇಳುವವರು ಇಬ್ಬರು.

ಬಿ.ಕಾಂ. ಓದಿದವಳು ಅಂತ ಲೆಕ್ಕ ಹಾಕಲು ನನ್ನನ್ನು ಕರೆದರು. ಬಿಲ್ ಪುಸ್ತಕದ ಹಿಂದೆ ಬರೆಯುತ್ತ ಹೋದೆ: ಲೈಸೆನ್ಸ್, ಹೆಲ್ಮೆಟ್, ಬೆಂಕಿ ತಡೆಯುವ ಬಟ್ಟೆ, ತಂಡಕ್ಕೆ ಕೊಡುವ ಬಾಡಿಗೆ, ಟೈರು, ಗುದ್ದಿದರೆ ಬೀಳುವ ಖರ್ಚು, ಚೆನ್ನೈಗೂ ಕೊಯಮತ್ತೂರಿಗೂ ಓಡಾಟ. ಎಂಜಿನ್ ನಮ್ಮದೇ, ಆದರೆ ಅದರ ಸುತ್ತ ಇರುವ ಯಾವುದೂ ನಮ್ಮದಲ್ಲ ಎಂಬುದು ಆ ಹಾಳೆ ತುಂಬುವಷ್ಟರಲ್ಲಿ ಮೂವರಿಗೂ ತಿಳಿದಿತ್ತು. ಎಲ್ಲರಿಗೂ ಒಂದೇ ಕಾರು ಕೊಟ್ಟರೆ ಟ್ರ್ಯಾಕಿನ ಒಳಗೆ ನ್ಯಾಯವಾಗುತ್ತದೆ. ಗೇಟಿನವರೆಗೆ ಬರುವ ದಾರಿಗೆ ಆ ನಿಯಮ ಇಲ್ಲ.

ಆದರೂ ಕರಿವರ್ಧನ್ ಸೋತರು ಅನ್ನಲು ನನಗೆ ಮನಸ್ಸಿಲ್ಲ. ಅವರ ಕಾರು ಬಂದಿರದಿದ್ದರೆ ನನ್ನ ಮಾವನ ಕೈಗೆ ರೇಸಿನ ಎಂಜಿನ್ ಸಿಗುತ್ತಲೇ ಇರಲಿಲ್ಲ. ಹೊರದೇಶದ ಕಾರನ್ನು ಕಮ್ಮನಹಳ್ಳಿಯ ಮೆಕ್ಯಾನಿಕ್ ಕೈಗೆ ಯಾರು ಕೊಡುತ್ತಿದ್ದರು? ಅಗ್ಗದ ರೇಸು ಡ್ರೈವರುಗಳ ಪಟ್ಟಿಯನ್ನು ಸ್ವಲ್ಪ ಉದ್ದ ಮಾಡಿತು, ಸ್ಪ್ಯಾನರ್ ಹಿಡಿದವರ ಪಟ್ಟಿಯನ್ನು ಅದಕ್ಕಿಂತ ಹೆಚ್ಚು.

ಮಾವ ಗಂಟನ್ನು ಶೆಡ್ಡಿನ ಅಡ್ವಾನ್ಸಿಗೆ ಕೊಟ್ಟ. ಹುಡುಗ ಎರಡು ವಾರ ಅಪ್ಪನ ಜೊತೆ ಮಾತಾಡಲಿಲ್ಲ. ಆಮೇಲೆ ತಾನೇ ವಿಚಾರಿಸಿಕೊಂಡು ಒಂದು ತಂಡದಲ್ಲಿ ಸಹಾಯಕ ಮೆಕ್ಯಾನಿಕ್ ಆಗಿ ಸೇರಿದ. "ದುಡ್ಡು ಕೂಡಿಡ್ತೀನಿ ಅಕ್ಕ, ಒಂದೇ ಒಂದು ರೇಸ್‌ಗೆ" ಅಂತ ನನಗೆ ಮಾತ್ರ ಹೇಳಿದ್ದಾನೆ. ಮೊದಲ ಸಲ ಇರುಂಗಾಟುಕೋಟೈಗೆ ಹೊರಟಾಗ ಮಾವ ಒಂದು ಮಾತೂ ಆಡದೆ ತನ್ನ ಹಳೆಯ ಪ್ಲಗ್ ಸ್ಪ್ಯಾನರನ್ನು ಅವನ ಬ್ಯಾಗಿಗೆ ಹಾಕಿದ. ಹೊಸ ಎಂಜಿನ್ನಿಗೆ ಅದು ಹೊಂದುವುದಿಲ್ಲವಂತೆ. ಹುಡುಗ ತೆಗೆದಿಡಲಿಲ್ಲ.