ಶಿಯಾ ಬೆಣ್ಣೆ

ಚಳಿಗಾಲದಲ್ಲಿ ತುಟಿಗೆ ಹಚ್ಚುವ ಮುಲಾಮಿನ ಡಬ್ಬಿಯ ಮೇಲೆ ‘ಶಿಯಾ’ ಎಂಬ ಹೆಸರನ್ನು ಓದಿ, ಅದೇನೆಂದು ವಿಚಾರಿಸಿದೆವು. ನಮ್ಮ ಇಪ್ಪೆಯ ಕುಟುಂಬಕ್ಕೇ ಸೇರಿದ ಈ ಮರವು ಪಶ್ಚಿಮ ಆಫ್ರಿಕದ ಬಯಲುಗಳಲ್ಲಿ ತಾನಾಗಿ ಬೆಳೆಯುವುದು. ಮುಂಗೋ ಪಾರ್ಕನು 1799ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಇದರ ಬೆಣ್ಣೆಯನ್ನು ಹೊಗಳಿರುವನು.

ಬುರ್ಕಿನಾ ಫಾಸೊ, ಘಾನಾ ಮೊದಲಾದ ದೇಶಗಳ ಹೆಂಗಸರು ಉದುರಿದ ಹಣ್ಣುಗಳನ್ನು ಆಯ್ದು, ಬೀಜಗಳನ್ನು ಬೇಯಿಸಿ ಒಣಗಿಸಿ, ಚಿಪ್ಪೊಡೆದು, ತಿರುಳನ್ನು ಹುರಿದು ಕುಟ್ಟಿ ಅರೆದು, ನೀರು ಬೆರಸಿ ಕೈಯಿಂದಲೇ ಕಡೆಯುವರು. ತೇಲಿದ ಜಿಡ್ಡನ್ನು ಕಾಯಿಸಿ ಸೋಸಿದರೆ ಬೆಣ್ಣೆ ಸಿದ್ಧ. ಕಣಜ ಬರಿದಾಗಿ ಹೊಸ ಫಸಲು ಬಾರದ ತಿಂಗಳುಗಳಲ್ಲಿ ಇದರ ಹಣವೇ ಮಕ್ಕಳ ಊಟಕ್ಕೂ ಶಾಲೆಗೂ ಒದಗುವುದು.

ಆದರೆ ಇದ್ದಲಿಗಾಗಿ ಈ ಮರಗಳನ್ನು ಕಡಿಯುವುದೂ ಉಂಟು. ಬದಲಿಗೆ ನೆಟ್ಟ ಸಸಿ ಫಲಿಸುವಷ್ಟರಲ್ಲಿ ತೊಡೆಯ ಕೂಸು ಪ್ರಾಯಕ್ಕೆ ಬಂದಿರುವುದು. ಇದನ್ನರಿತಂದಿನಿಂದ ನಾವು ಡಬ್ಬಿಯ ತಳವನ್ನೂ ಬಳಿದು ಹಚ್ಚಿಕೊಳ್ಳುತ್ತಿರುವೆವು.