ಸಂಗ್ಯಾ-ಬಾಳ್ಯಾ ಮತ್ತು ನೋಡಿದವರ ನ್ಯಾಯ

ಆಡುವವರು ರಂಗದ ಮೇಲಿರುತ್ತಾರೆ, ನೋಡುವವರು ಕೆಳಗೆ ಕುಳಿತಿರುತ್ತಾರೆ ಎಂಬುದು ನಾಟಕದ ವಿಷಯದಲ್ಲಿ ಎಲ್ಲರೂ ಒಪ್ಪುವ ಮಾತು. ಆದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳಲ್ಲಿ ಸಣ್ಣಾಟವನ್ನು ಕಂಡವರು ಈ ಮಾತನ್ನು ಪೂರ್ತಿಯಾಗಿ ಒಪ್ಪಲಾರರು. ಇಲ್ಲಿ ನೋಡುವವನೂ ಸುಮ್ಮನಿರತಕ್ಕವನಲ್ಲ. ಮೇಳದವರು ಪದವೆತ್ತುತ್ತಲೇ ಅವನ ತಲೆ ತೂಗುತ್ತದೆ. ಕೇಡಿಗನು ಬಂದರೆ ಬಾಯಿ ಬಯ್ಯುತ್ತದೆ. ಮೆಚ್ಚಿದಲ್ಲಿ ಆಯೇರಿನ ನೋಟು ಕಿಸೆಯಿಂದ ಹೊರಬೀಳುತ್ತದೆ. ಬೆಳಗಾದ ಮೇಲೆ ಆಡಿದವರು ಮುಖದ ಬಣ್ಣ ತೊಳೆದು ಮಲಗುತ್ತಾರೆ. ನೋಡಿದವರು ಮಾತ್ರ ಚಹದಂಗಡಿಯಲ್ಲಿ ಕುಳಿತು ನ್ಯಾಯ ಮುಂದುವರಿಸುತ್ತಾರೆ. ನಮಗೆ ಈ ಎರಡನೆಯ ಆಟವೂ ಮೊದಲಿನದಷ್ಟೇ ರುಚಿಸಿದೆ.

ಈ ನ್ಯಾಯ ಅತ್ಯಂತ ಬಿಸಿಯಾಗಿ ನಡೆಯುವುದು ‘ಸಂಗ್ಯಾ-ಬಾಳ್ಯಾ’ ಆಟದ ಮರುದಿನ. ಬೈಲಹೊಂಗಲದ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆದುಹೋದ ಒಂದು ಕೊಲೆಯೇ ಈ ಆಟದ ಮೂಲ. ದೊಡ್ಡಾಟದ ಕಿರೀಟ ಭುಜಕೀರ್ತಿಗಳು ಇಲ್ಲಿಲ್ಲ. ಪುರಾಣದ ಅರಸುಗಳೂ ಇಲ್ಲ. ನಿತ್ಯದ ಉಡುಪು, ನಿತ್ಯದ ಮಾತು, ದಪ್ಪು, ತಾಳ, ಪೇಟಿ, ಇಷ್ಟರಲ್ಲಿಯೇ ಇಡೀ ರಾತ್ರಿ ಕಳೆಯಬೇಕು. ಕಥೆಯೂ ಅಷ್ಟೇ ಸರಳ. ಉಳ್ಳವರ ಮನೆಯ ಯುವಕ ಸಂಗ್ಯಾ ಪರರ ಹೆಂಡತಿಯಾದ ಗಂಗಿಯನ್ನು ಮೋಹಿಸುತ್ತಾನೆ. ಅವನ ಜೀವದ ಗೆಳೆಯ ಬಾಳ್ಯಾ. ನಡುವೆ ಮಾತು ಸಾಗಿಸುವ ಮುದುಕಿಯೊಬ್ಬಳು. ಗುಟ್ಟು ಒಡೆಯುತ್ತದೆ. ಗಂಗಿಯ ಗಂಡನ ಮನೆಯವರು ಸೇಡಿಗೆ ನಿಲ್ಲುತ್ತಾರೆ. ಅವರ ಕಡೆಗೆ ವಾಲಿದ ಬಾಳ್ಯಾನೇ ಗೆಳೆಯನನ್ನು ಸಾವಿನ ಬಾಯಿಗೆ ಕಳುಹಿಸುತ್ತಾನೆ.

ಮುಂದೇನಾದೀತೆಂಬ ಕುತೂಹಲವೇ ರೋಮಾಂಚಕ ನಾಟಕದ ಜೀವಾಳವೆಂದು ಪುಸ್ತಕಗಳು ಹೇಳುತ್ತವೆ. ಈ ಆಟ ನೋಡಲು ಬಂದವರಲ್ಲಿ ಮುಂದೇನೆಂದು ಅರಿಯದವನು ಒಬ್ಬನೂ ಇರುವುದಿಲ್ಲ. ಆದರೂ ಬಾಳ್ಯಾನ ಮಾತು ನಂಬಿ ಸಂಗ್ಯಾ ಹೊರಡುವ ಹೊತ್ತಿಗೆ ಇಡೀ ಬಯಲು ಉಸಿರು ಹಿಡಿಯುತ್ತದೆ. ಈಚೆಗೆ ಒಂದು ಜಾತ್ರೆಯಲ್ಲಿ ನಮ್ಮ ಬದಿಗೆ ಕುಳಿತಿದ್ದ ಮುದುಕರು, ಈ ಆಟವನ್ನು ಎಷ್ಟು ಸಲ ಕಂಡಿದ್ದರೋ, ಎದ್ದು ನಿಂತು “ಹೋಗಬ್ಯಾಡೊ ತಮ್ಮಾ!” ಎಂದು ಕೂಗಿದರು. ತಮ್ಮನು ಹೋದನು. ಮುದುಕರು ಕಣ್ಣೊರಸಿಕೊಂಡು ಕುಳಿತರು.

ಮರುದಿನ ಶಾಲೆಯಲ್ಲಿ ನಡುಬಿಡುವಿನ ಹೊತ್ತಿಗೆ ನಮ್ಮ ಅಧ್ಯಾಪಕರ ಕೋಣೆಯೇ ನ್ಯಾಯಾಲಯವಾಯಿತು. ಗಣಿತದ ಮಾಸ್ತರರು ಗಂಡನ ಪಕ್ಷ ವಹಿಸಿದರು: ಮನೆಯ ಮಾನ ಹೋದವನು ಇನ್ನೇನು ಮಾಡಿಯಾನು? ಇತಿಹಾಸದವರು ಕಾಯದೆಯನ್ನು ಎತ್ತಿದರು: ಮಾನ ಹೋಯಿತೆಂದು ಜೀವ ತೆಗೆಯುವ ಅಧಿಕಾರ ಯಾರಿಗಿದೆ? ಕನ್ನಡ ಕಲಿಸುವ ನಾವು ನಮ್ಮ ಅಭ್ಯಾಸದಂತೆ ಕರುಣರಸದ ಮಾತೆತ್ತಿದೆವು; ಯಾರೂ ಕಿವಿಗೊಡಲಿಲ್ಲ. ಕೊನೆಗೆ ಗಂಟೆ ಬಾರಿಸಲು ಬಂದ ಸಿಪಾಯಿಯು ಬಾಗಿಲಲ್ಲೇ ನಿಂತು, “ಸಂಗ್ಯಾಂದು ತಪ್ಪು ಖರೆರೀ. ಆದ್ರ ಮೊದಲ ಆ ಬಾಳ್ಯಾನ್ನ ಕಡೀಬೇಕಾಗಿತ್ತು” ಎಂದನು. ಕೋಣೆಗೆ ಕೋಣೆಯೇ ಹೌದೆಂದಿತು. ಗಂಡನ ಪಕ್ಷದವರೂ ಕಾಯದೆಯ ಪಕ್ಷದವರೂ ಒಂದಾದದ್ದು ಅದೊಂದೇ ಮಾತಿನಲ್ಲಿ.

ಇದನ್ನು ನಾವು ಹಗುರಾಗಿ ತೆಗೆದುಕೊಳ್ಳಲಿಲ್ಲ. ವ್ಯಭಿಚಾರದ ಕಥೆಯೆಂದು ಹೆಸರಾದ ಆಟದಲ್ಲಿ ನೋಡುವವರ ರೋಷವೆಲ್ಲ ಬೀಳುವುದು ವ್ಯಭಿಚಾರದ ಮೇಲಲ್ಲ, ಗೆಳೆತನದ ದ್ರೋಹದ ಮೇಲೆ. ಆಟದ ಹೆಸರೇ ಅದಕ್ಕೆ ಸಾಕ್ಷಿ. ಇಬ್ಬರು ಗೆಳೆಯರ ಹೆಸರು ಅಲ್ಲಿದೆ, ಪ್ರೇಮಿಗಳಿಬ್ಬರ ಹೆಸರಲ್ಲ. ಒಕ್ಕಲುತನದ ಊರಿನಲ್ಲಿ ಬಿತ್ತಿಗೆ, ರಾಶಿಗೆ, ಸಾವಿಗೆ, ನೋವಿಗೆ ಮೊದಲು ಓಡಿಬರತಕ್ಕವನು ಗೆಳೆಯ. ಅವನೇ ಮಾರಿಕೊಂಡರೆ ನಿಲ್ಲಲು ನೆಲವಿಲ್ಲ. ಆ ಭಯವನ್ನು ಈ ಆಟ ಮುಟ್ಟುತ್ತದೆಂದೇ ನಮ್ಮ ಜನ ಇದನ್ನು ಇಷ್ಟು ಕಾಲ ಉಳಿಸಿಕೊಂಡಿರಬೇಕು.

ಪ್ರೇಕ್ಷಕರ ಅಭಿಪ್ರಾಯವು ಕಥೆಯ ನೀತಿಗಿಂತ ಪ್ರೇಕ್ಷಕರ ಅಂತರಂಗವನ್ನೇ ಹೆಚ್ಚು ಹೇಳುತ್ತದೆಂಬುದಕ್ಕೆ ಮುಂಬಯಿಯ ಒಂದು ಸತ್ಯಕಥೆಯೂ ಉಂಟು. 1959ರ ಏಪ್ರಿಲಿನಲ್ಲಿ ನೌಕಾಸೇನೆಯ ಕಮಾಂಡರ್ ನಾನಾವತಿಯವರು ತಮ್ಮ ಪತ್ನಿಯ ಪ್ರಿಯನಾದ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದರು. ಆಗ ನಮ್ಮ ಸೊಲ್ಲಾಪುರವೂ ಅದೇ ಮುಂಬಯಿ ರಾಜ್ಯದಲ್ಲಿತ್ತು. ‘ಬ್ಲಿಟ್ಜ್’ ವಾರಪತ್ರಿಕೆ ಕಮಾಂಡರರ ಪಕ್ಷ ಹಿಡಿದು ವಾರವಾರವೂ ಬರೆಯಿತು. ನ್ಯಾಯಾಲಯವೇ ನಾಟಕಶಾಲೆಯಾಯಿತು. ಒಂಬತ್ತು ಜನ ಜೂರಿಗಳಲ್ಲಿ ಎಂಟು ಜನ ಅವರು ನಿರ್ದೋಷಿಯೆಂದರು. ನ್ಯಾಯಾಧೀಶರು ಆ ತೀರ್ಪನ್ನು ಒಪ್ಪದೆ ಉಚ್ಚ ನ್ಯಾಯಾಲಯಕ್ಕೆ ಕಳುಹಿಸಿದರು. ಅಲ್ಲಿ ವಿಧಿಸಲಾದ ಜೀವಾವಧಿ ಶಿಕ್ಷೆಯನ್ನು 1961ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. 1964ರಲ್ಲಿ ರಾಜ್ಯಪಾಲರ ಕ್ಷಮಾದಾನವೂ ದೊರೆಯಿತು. ಆಮೇಲೆ ಬಂದ ಚಲಚ್ಚಿತ್ರಗಳಿಗೆ ಈ ಪ್ರಕರಣ ತವರುಮನೆ. 1963ರ ‘ಯೇ ರಾಸ್ತೇ ಹೈಂ ಪ್ಯಾರ್ ಕೇ’, 1973ರಲ್ಲಿ ಗುಲ್ಜಾರರು ತೆಗೆದ ‘ಅಚಾನಕ್’, 2016ರ ‘ರುಸ್ತುಂ’ ಇವೆಲ್ಲ ಇದರ ನೆರಳಿನಲ್ಲಿ ಬೆಳೆದವು. ಇವುಗಳಲ್ಲಿ ಕಡೆಯದು ಕೊಂದವನನ್ನು ದೇಶಭಕ್ತನನ್ನಾಗಿಯೂ ಮಾಡಿ ಬಿಡುಗಡೆಗೊಳಿಸುತ್ತದೆ. ಅರ್ಧ ಶತಮಾನ ಕಳೆದರೂ ಆ ಎಂಟು ಜನ ಜೂರಿಗಳು ಚಿತ್ರಮಂದಿರದಲ್ಲಿಯೇ ಕುಳಿತಿದ್ದರೆಂದು ನಮಗೆ ತೋರುತ್ತದೆ.

ಕಡಲಾಚೆಯ ಸಂಗತಿ ಇನ್ನೂ ಸ್ವಾರಸ್ಯವಾದದ್ದು. 1987ರಲ್ಲಿ ಅಮೆರಿಕದಲ್ಲಿ ‘ಫೇಟಲ್ ಅಟ್ರ್ಯಾಕ್ಷನ್’ ಎಂಬ ಚಿತ್ರ ಬಂದಿತು. ಮಾರಕ ಮೋಹವೆಂದು ಕನ್ನಡಿಸಬಹುದು. ಸಂಸಾರಸ್ಥನಾದ ನ್ಯೂಯಾರ್ಕಿನ ವಕೀಲನೊಬ್ಬ ಹೆಂಡತಿ ಊರಲ್ಲಿಲ್ಲದಾಗ ಅಲೆಕ್ಸ್ ಎಂಬ ಹೆಣ್ಣಿನೊಡನೆ ಕೂಡುತ್ತಾನೆ. ಅವಳು ಬಿಡದೆ ಬೆನ್ನು ಹತ್ತುತ್ತಾಳೆ. ಮೊದಲು ಚಿತ್ರಿಸಿದ ಕೊನೆಯಲ್ಲಿ ಅವಳು ಅವನ ಬೆರಳಚ್ಚು ಬಿದ್ದ ಚೂರಿಯಿಂದ ತನ್ನ ಕೊರಳನ್ನು ತಾನೇ ಕೊಯ್ದುಕೊಂಡು ಸಾಯುತ್ತಾಳೆ. ಕೊಲೆಯ ಆಪಾದನೆ ಅವನ ಮೇಲೆ ಬರುತ್ತದೆ. ಬಿಡುಗಡೆಗೆ ಮುನ್ನ ಪರೀಕ್ಷೆಗೆಂದು ತೋರಿಸಿದಾಗ ಪ್ರೇಕ್ಷಕರಿಗೆ ಇದು ಸೇರಲಿಲ್ಲ. ಅವರ ಮನಸ್ಸನ್ನು ಅರಿತ ನಿರ್ಮಾಪಕರು ಕೊನೆಯನ್ನು ಹೊಸದಾಗಿ ಚಿತ್ರಿಸಿದರು. ಹೊಸ ಕೊನೆಯಲ್ಲಿ ಹೆಂಡತಿಯೇ ಆ ಹೆಣ್ಣನ್ನು ಗುಂಡಿಟ್ಟು ಕೊಲ್ಲುತ್ತಾಳೆ; ತೆರೆಯ ಮೇಲೆ ಕಡೆಗೆ ನಿಲ್ಲುವುದು ಆ ಸಂಸಾರದ ಭಾವಚಿತ್ರ. ಅಲೆಕ್ಸಳ ಪಾತ್ರ ವಹಿಸಿದ್ದ ಗ್ಲೆನ್ ಕ್ಲೋಸ್ ಈ ಬದಲಾವಣೆಯನ್ನು ಬಹಳವಾಗಿ ವಿರೋಧಿಸಿದ್ದರು. ಚಿತ್ರ ಮಾತ್ರ ಅಪಾರ ಹಣ ಗಳಿಸಿತು. ನಮ್ಮ ಜಾತ್ರೆಯ ಮುದುಕರು ಎದ್ದು ಕೂಗಿದರೂ ಸಂಗ್ಯಾ ಹೋಗಿಯೇ ಹೋದನು. ಅಲ್ಲಿ ಪ್ರೇಕ್ಷಕರು ಕೂಗಿದರೆ ಕಥೆಯೇ ಹಿಂದಿರುಗಿ ಬಂದಿತು. ಯಾವುದು ಮೇಲೆಂದು ಕೇಳಿದರೆ ನಾವು ಸಂಕೋಚವಿಲ್ಲದೆ ಸಣ್ಣಾಟದ ಕಡೆಗೆ ಕೈ ತೋರಿಸುತ್ತೇವೆ.

ಆದರೆ ಸಣ್ಣಾಟದವರನ್ನು ಹೊಗಳಿ ಇಲ್ಲಿಗೇ ನಿಲ್ಲಿಸಲು ನಮ್ಮ ಹತ್ತನೆಯ ಇಯತ್ತೆಯ ಒಬ್ಬ ಹುಡುಗಿ ಬಿಡಲಿಲ್ಲ. ಆಟದ ಮಾತು ತರಗತಿಯಲ್ಲಿಯೂ ಎದ್ದಿತ್ತು; ಹುಡುಗರು ಬಾಳ್ಯಾನಿಗೆ ಬಗೆಬಗೆಯ ಶಿಕ್ಷೆ ವಿಧಿಸುತ್ತಿದ್ದರು. ಆಗ ಹಿಂದಿನ ಬಾಕಿನಿಂದ, “ಗಂಗಿ ಏನಂದಳು ಸರ್?” ಎಂಬ ಪ್ರಶ್ನೆ ಬಂದಿತು.

ಹಿಂದಿನ ದಿನ ಅಧ್ಯಾಪಕರ ಕೋಣೆಯಲ್ಲಿ ಮುಕ್ಕಾಲು ಗಂಟೆ ವಾದ ನಡೆದಿತ್ತು. ಗಂಡ, ಗೆಳೆಯ, ಮುದುಕಿ, ಕಾಯದೆ, ಎಲ್ಲರ ಹೆಸರೂ ಬಂದಿತ್ತು. ಗಂಗಿಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಪಾತ್ರವನ್ನೂ ಬಹುಕಾಲ ಗಂಡಸರೇ ಸೀರೆಯುಟ್ಟು ಆಡುತ್ತಿದ್ದರು. ಕಾಯದೆಯ ಸಂಗತಿಯೂ ಬೇರೆಯಲ್ಲ. 1860ರ ದಂಡ ಸಂಹಿತೆಯ 497ನೆಯ ಕಲಮಿನಂತೆ ಪರಸ್ತ್ರೀಯನ್ನು ಕೂಡಿದ ಗಂಡಸು ಅಪರಾಧಿ. ಅವಳ ಗಂಡನ ಒಪ್ಪಿಗೆಯಿದ್ದರೆ ಅಪರಾಧವೇ ಇಲ್ಲ. ಹೆಣ್ಣಿಗೆ ಶಿಕ್ಷೆಯೂ ಇರಲಿಲ್ಲ, ಮಾತೂ ಇರಲಿಲ್ಲ. ಕಳವಾದ ಒಡವೆಗೆ ಸಾಕ್ಷಿ ಹೇಳುವ ಹಕ್ಕೆಲ್ಲಿಯದು? 2018ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಲಮನ್ನು ಅಸಿಂಧುಗೊಳಿಸಿತು. ಗಂಗಿಯನ್ನು ಒಡವೆಯೆಂದು ಎಣಿಸಿದವರಲ್ಲಿ ಅವಳ ಗಂಡನೊಬ್ಬನೇ ಇರಲಿಲ್ಲವೆಂಬುದು ನಮಗೆ ತೋರಿದ್ದು ಆ ಹಿಂದಿನ ಬಾಕಿನ ಪ್ರಶ್ನೆಯಿಂದ.

ಆ ವಾರ ನಿಬಂಧದ ತಾಸಿನಲ್ಲಿ, ಆಟದ ಯಾವುದಾದರೊಂದು ಪಾತ್ರ ಪಂಚರ ಮುಂದೆ ನಿಂತು ಹೇಳುವ ಮಾತನ್ನು ಬರೆಯಿರಿ ಎಂದು ಹೇಳಿದೆವು. ಹುಡುಗರಲ್ಲಿ ಬಹುಪಾಲು ಬಾಳ್ಯಾನಿಂದ ತಪ್ಪೊಪ್ಪಿಸಿದರು. ಇಬ್ಬರು ಗಂಡನಿಂದ ವೀರಾವೇಶದ ಭಾಷಣ ಮಾಡಿಸಿದರು. ಒಬ್ಬನಂತೂ ಸತ್ತ ಸಂಗ್ಯಾನನ್ನೇ ಎಬ್ಬಿಸಿ ನಿಲ್ಲಿಸಿದನು. ಆ ಹುಡುಗಿ ಮಾತ್ರ ತಾಸು ಮುಗಿಯುವವರೆಗೆ ಏನನ್ನೂ ಬರೆದಿರಲಿಲ್ಲ. ಹಾಳೆಯ ಮೇಲೆ ‘ಗಂಗಿ’ ಎಂದು ತಲೆಬರಹವಿತ್ತು. ಕೇಳಿದಾಗ, “ಉಳಿದವರಿಗೆಲ್ಲ ಆಟದಾಗ ಕೇಳಿದ ಮಾತು ನೆನಪಿದ್ದುವು ಸರ್, ಇವಳದು ನಾನ ಹುಡುಕಬೇಕು. ಪದದಾಗ ಬರೀಲೋ, ಮಾತಿನಾಗ ಬರೀಲೋ?” ಎಂದಳು.

ಪದದಲ್ಲಿಯೇ ಬರೆ, ಮೇಳದವರು ಹಾಡುವಂತಿರಲಿ ಎಂದೆವು. ಇನ್ನೂ ಎಂಟು ದಿನದ ಅವಕಾಶ ಕೇಳಿ ಹಾಳೆಯನ್ನು ಮನೆಗೆ ಒಯ್ದಿದ್ದಾಳೆ.