ಆ ಹುಡುಗನ ಟ್ಯೂಬ್‌ಲೈಟ್

1994ರ ಅಕ್ಟೋಬರ್ 15ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ರಾಕೆಟ್ ಮೊದಲ ಬಾರಿಗೆ ಯಶಸ್ವಿಯಾಗಿ ಹಾರಿತಷ್ಟೆ. ಆ ವಾರ ಕಂಪ್ಲಿಯ ಶಾಲೆಯೊಂದರ ಹತ್ತನೇ ತರಗತಿಯಲ್ಲಿ ನಾನು ಅದರ ಬಗೆಗೇ ಹೇಳುತ್ತಿದ್ದೆ. ಮಕ್ಕಳು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಗೆ ಪ್ರವಾಸ ಹೋಗಿ, ವಿದ್ಯುತ್ ತಂತಿಗಳನ್ನು ಹಿಡಿದ ಪಿಂಗಾಣಿ ಬಿಲ್ಲೆಗಳ ಸಾಲು ನೋಡಿ ಬಂದಿದ್ದರು. ಸಂಡೂರಿನಿಂದ ಬಂದು ಸೋದರಮಾವನ ಮನೆಯಲ್ಲಿ ಓದುತ್ತಿದ್ದ ಹುಡುಗನೊಬ್ಬ ಎದ್ದು ನಿಂತ.

"ಸಾರ್, ರಾಕೆಟ್ಟಿನ ಆಂಟೆನಾದಾಗ ಕಿಡಿ ಹಾರಂಗಿಲ್ಲೇನ್ರೀ?"

"ಮೇಲೆ ಹೋದಂತೆ ಗಾಳಿಯೇ ತೆಳು. ಕಿಡಿ ಎಲ್ಲಿಂದ ಬರಬೇಕು?" ಎಂದೆ.

"ಟ್ಯೂಬ್‌ಲೈಟಿನಾಗೂ ಗಾಳಿ ತೆಗದಿರ್ತಾರಲ್ರೀ. ಅದು ಹತ್ತತೈತಲ್ರೀ?"

ತರಗತಿ ನಕ್ಕಿತು. ಉತ್ತರ ತಿಳಿಯದ ನಾನು "ಕೂತ್ಕೊಳೋ, ಅಧಿಕಪ್ರಸಂಗಿ" ಎಂದೆ. ವರ್ಷ ಮುಗಿಯುವ ತನಕ ಅವನು ಮತ್ತೆ ಕೈ ಎತ್ತಲಿಲ್ಲ.

ಅವನದೇ ಸರಿ ಎಂದು ತಿಳಿದದ್ದು ನಿವೃತ್ತಿಯ ನಂತರ. (ಟ್ಯೂಬಿನಲ್ಲಿರುವುದು ಆರ್ಗಾನ್ ಮತ್ತು ಪಾದರಸದ ಆವಿ, ಆದರೂ ಒತ್ತಡ ಕಡಿಮೆಯೇ.) ಜರ್ಮನಿಯ ಪಾಷೆನ್ 1889ರಲ್ಲೇ ಇದನ್ನು ಅಳೆದಿಟ್ಟಿದ್ದ. ನೆಲಮಟ್ಟದ ಗಾಳಿಯಲ್ಲಿ ಒಂದು ಸೆಂಟಿಮೀಟರ್ ದಾಟಲು ಕಿಡಿಗೆ ಸುಮಾರು 30,000 ವೋಲ್ಟ್ ಬೇಕು. ಗಾಳಿ ತೆಗೆಯುತ್ತ ಹೋದರೆ ಒಂದು ಹಂತದಲ್ಲಿ ಸುಮಾರು 330 ವೋಲ್ಟ್ ಸಾಕು! ಇನ್ನೂ ತೆಗೆದರೆ ಮತ್ತೆ ಏರುತ್ತದೆ. ಹಂಪಿಯ ತೇರಿನ ದಿನ ರಥಬೀದಿಯನ್ನು ನೆನೆಯಿರಿ. ಕಿಕ್ಕಿರಿದ ಜನದ ನಡುವೆ ಹುಡುಗ ಓಡಲಾರ, ಡಿಕ್ಕಿಯಾದರೂ ಪೆಟ್ಟಿಲ್ಲ. ಬೀದಿ ಖಾಲಿಯಾದ ಮೇಲೆ ಓಡಬಹುದು, ಗುದ್ದಲು ಯಾರೂ ಇಲ್ಲ. ಜನ ಅರ್ಧ ಕರಗಿದ ಸಂಜೆಯೇ ಅಪಾಯ. ಎಲೆಕ್ಟ್ರಾನಿನ ಪಾಡೂ ಇದೇ. ವೇಗ ಗಳಿಸಿ ಗುದ್ದಿದಾಗ ಅಣುವಿನಿಂದ ಇನ್ನೊಂದು ಎಲೆಕ್ಟ್ರಾನ್ ಹೊರಬೀಳುತ್ತದೆ; ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಆಂಟೆನಾದ ರೇಡಿಯೋ ಅಲೆಗೆ ಲೆಕ್ಕ ಸ್ವಲ್ಪ ಬೇರೆ, ಆದರೆ ಹತ್ತಾರು ಕಿಲೋಮೀಟರ್ ಎತ್ತರದಲ್ಲಿ ಆ 'ಸಂಜೆ' ಅದಕ್ಕೂ ಉಂಟು. ಆಗ ಆಂಟೆನಾದ ಸುತ್ತ ಗಾಳಿ ಮಿನುಗುತ್ತದೆ, ಸಂಕೇತ ಕುಂದುತ್ತದೆ, ನೆಲದವರಿಗೆ ರಾಕೆಟ್ಟಿನ ಸುದ್ದಿ ತಪ್ಪುತ್ತದೆ.

ಕಳೆದ ವರ್ಷ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಅವನೇ ಗುರುತು ಹಿಡಿದು ಕಾಲು ಮುಟ್ಟಿದ. ಸಂಡೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯಂತೆ. "ಅವತ್ತು ನಿನ್ನ ಮಾತೇ ಸರಿಯಿತ್ತಪ್ಪಾ" ಎಂದೆ. ಯಾವ ಮಾತೆಂದು ಅವನಿಗೆ ನೆನಪಿರಲಿಲ್ಲ. ಎಲ್ಲ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಹಂಗಾದ್ರ ಅದಕ್ಕೇನ್ ಮಾಡ್ತಾರ್ರೀ ಸಾರ್?" ಎಂದ.

ಚೂಪು ತುದಿಗಳನ್ನು ಗುಂಡಗೆ ಮಾಡುತ್ತಾರೆ, ವಿದ್ಯುತ್ ಹರಿಯದ ಹೊದಿಕೆ ಹಾಕುತ್ತಾರೆ, ಗಾಳಿ ತೆಗೆದ ಕೋಣೆಯಲ್ಲಿಟ್ಟು ಮೊದಲೇ ಪರೀಕ್ಷಿಸುತ್ತಾರೆ ಎಂದೆಲ್ಲ ಹೇಳುತ್ತಿದ್ದಂತೆ ಸಂಡೂರಿನ ಬಸ್ಸು ಬಂತು. "ಇನ್ನೊಂದು ಬರತೈತಿ, ನೀವು ಹೇಳ್ರಿ" ಎಂದ.